ಬಾಲಿ ಅಗ್ಗ ಅನ್ನೋರು ಮೊದಲು ಬಿಲ್ ತೋರಿಸಿ

ಬಾಲಿಯ ಒಂದು ರೆಸ್ಟೋರೆಂಟ್‌ನಲ್ಲಿ ಮೆನುವಿನ ದರದ ಮೇಲೆ ಇನ್ನೂ ಇಪ್ಪತ್ತೊಂದು ಪರ್ಸೆಂಟ್! ತಿಂದಿದ್ದು ಏನು? ಒಂದು ನಾಸಿ ಗೊರೆಂಗ್ (ಅಲ್ಲಿನ ಫ್ರೈಡ್ ರೈಸ್), ಒಂದು ಮೀ ಗೊರೆಂಗ್ (ಹುರಿದ ನೂಡಲ್ಸ್), ಒಂದು ಎಳನೀರು, ಒಂದು ಜ್ಯೂಸು, ಒಂದು ದೊಡ್ಡ ಬಾಟಲಿ ನೀರು. ಮೆನುವಿನಲ್ಲಿ 85, 80, 45, 50, 40. ಅಲ್ಲಿ ಕೊನೆಯ ಮೂರು ಸೊನ್ನೆ ಬರೆಯೋದಿಲ್ಲ, 85 ಅಂದರೆ 85 ಸಾವಿರ ರುಪಿಯಾ. ಕೂಡಿದರೆ 3 ಲಕ್ಷ. ಬಿಲ್ ಬಂದಿದ್ದು 3,63,000.

ಕೇಳಿದರೆ ಬಡಿಸೋ ಹುಡುಗ ಬಾಯಿ ಬಿಡಲಿಲ್ಲ. ಮೆನು ತಂದ, ಕೊನೇ ಪುಟ ತಿರುವಿದ, ಕೆಳಗಡೆ ಅಂಚಿನಲ್ಲಿ ಕಣ್ಣಿಗೇ ಕಾಣದ ಅಕ್ಷರದ ಒಂದು ಸಾಲಿನ ಮೇಲೆ ಪೆನ್ನಿನಿಂದ ಎರಡು ಸಲ ಕುಟ್ಟಿದ. ಪ್ಲಸ್ ಪ್ಲಸ್. ಅಷ್ಟೇ. ಮೊದಲ ಪ್ಲಸ್ ಸರ್ವಿಸ್ ಚಾರ್ಜ್, 10%. ಎರಡನೆಯದು ಅಲ್ಲಿನ ರೆಸ್ಟೋರೆಂಟ್ ತೆರಿಗೆ, 10%. ಹಾಗಾದರೆ ಇಪ್ಪತ್ತಲ್ಲವಾ? ಅಲ್ಲ. ತೆರಿಗೆ ಬೀಳೋದು ಸರ್ವಿಸ್ ಚಾರ್ಜ್ ಸೇರಿದ ಮೊತ್ತದ ಮೇಲೆ. 3 ಲಕ್ಷಕ್ಕೆ 30 ಸಾವಿರ, ಆಮೇಲೆ 3,30,000ಕ್ಕೆ 33 ಸಾವಿರ. ಬಡಿಸಿದ್ದಕ್ಕೆ ಕೊಟ್ಟ ದುಡ್ಡಿಗೂ ತೆರಿಗೆ! ಸರ್ವಿಸ್ ಚಾರ್ಜ್ ತೆಗೀರಿ ಅಂದರೆ ನಕ್ಕು ತಲೆ ಆಡಿಸಿದ. ಪಕ್ಕದ ಟೇಬಲ್‌ನವರು ತಿನ್ನೋದು ಬಿಟ್ಟು ನೋಡುತ್ತಿದ್ದಾರೆ, ಕಾಸಿಲ್ಲದವರು ಬಂದು ಕೂತಿದ್ದಾರೆ ಅನ್ನೋ ಥರ. ಕಾರ್ಡ್ ಕೊಟ್ಟರೆ ಇನ್ನೂ 3%. ಅದೂ ಸಾಲದು ಅಂತ, ಮೆಷಿನ್ ಪರದೆಯಲ್ಲಿ ಭಾರತದ ರೂಪಾಯಿಯೋ ಅಲ್ಲಿನ ರುಪಿಯಾವೋ ಅಂತ ಬಂತಲ್ಲ, ಅದು ಗಿರಾಕಿ ಒತ್ತಬೇಕಾದ್ದು. ಒತ್ತಿದ್ದು ಅವನು. ರೂಪಾಯಿ ಒತ್ತಿಬಿಟ್ಟ. ಹಾಗೆ ಒತ್ತಿದರೆ ಬ್ಯಾಂಕಿನ ದರ ಅಲ್ಲ, ಮೆಷಿನ್‌ನವರು ಹಾಕಿದ್ದೇ ದರ. ಯಾವತ್ತೂ ರುಪಿಯಾನೇ ಒತ್ತಬೇಕು, ಮೆಷಿನ್ ಕೈಗೆ ಕೊಡಿ ಅಂತ ಜೋರಾಗಿ ಕೇಳಬೇಕು.

ಹೋಗಲಿ, ಆ ಹುಡುಗನ ಮೇಲೆ ಸಿಟ್ಟು ಮಾಡಿ ಏನು ಬಂತು. ಅವನೂ ಸಂಬಳಕ್ಕೆ ದುಡಿಯೋನು. ಅವರ ಊರು, ಅವರ ದರ. ಇವತ್ತಿಗೂ ಒಳಗಿನ ರಸ್ತೆಯ ಸಾದಾ ವಾರುಂಗ್‌ಗೆ, ಅಂದರೆ ಅಲ್ಲಿನ ಚಿಕ್ಕ ಹೋಟೆಲಿಗೆ, ಹೋದರೆ ಅದೇ ನಾಸಿ ಗೊರೆಂಗ್ 25-35 ಸಾವಿರಕ್ಕೆ ಸಿಗುತ್ತೆ, ಪ್ಲಸ್ಸೂ ಇಲ್ಲ ಮೈನಸ್ಸೂ ಇಲ್ಲ.

ಸಿಟ್ಟು ಇರೋದು 'ಗೋವಾಕ್ಕಿಂತ ಬಾಲಿ ಅಗ್ಗ' ಅಂತ ಇನ್ನೂ ರೀಲ್ಸ್ ಹಾಕುತ್ತಿರೋರ ಮೇಲೆ. ಯಾವ ಕಾಲದ ಮಾತಾಡ್ತಿದ್ದೀರಿ? 2020ರ ಮಾರ್ಚ್‌ವರೆಗೆ ಭಾರತೀಯರಿಗೆ 30 ದಿನಕ್ಕೆ ವೀಸಾ ಶುಲ್ಕವೇ ಇರಲಿಲ್ಲ. ಕೋವಿಡ್‌ನಲ್ಲಿ ನಿಂತಿದ್ದು ನಮಗೆ ವಾಪಸ್ ಬರಲೇ ಇಲ್ಲ. ಈಗ ವೀಸಾ ಆನ್ ಅರೈವಲ್‌ಗೆ ತಲೆಗೆ 5 ಲಕ್ಷ ರುಪಿಯಾ, ಸುಮಾರು 2,700 ರೂಪಾಯಿ. ಕಂಕುಳಲ್ಲಿರೋ ಕೂಸಿಗೂ ಅಷ್ಟೇ. ಅದರ ಮೇಲೆ 2024ರ ಫೆಬ್ರವರಿ 14ರಿಂದ ಬಾಲಿಯದೇ ಪ್ರವಾಸಿ ಲೆವಿ, ಅಂದರೆ ಸುಂಕ, ತಲೆಗೆ 1,50,000 ರುಪಿಯಾ. ಅದಕ್ಕೂ ವಯಸ್ಸಿನ ರಿಯಾಯಿತಿ ಇಲ್ಲ.

ಲೆವಿ ಬಗ್ಗೆ ತಕರಾರಿಲ್ಲ, ಖಂಡಿತ ಕೊಡಬೇಕು. ಆ ಪುಟ್ಟ ದ್ವೀಪ ನಮ್ಮೆಲ್ಲರ ಪ್ಲಾಸ್ಟಿಕ್ ಹೊರುತ್ತೆ, ಗದ್ದೆಗೆ ಹೋಗಬೇಕಾದ ನೀರು ವಿಲ್ಲಾಗಳ ಈಜುಕೊಳಕ್ಕೆ ಹೋಗುತ್ತೆ. ಆದರೆ ರೀಲ್ಸ್ ಹಾಕೋರೇ, ಇದನ್ನ ಮೊದಲೇ ಹೇಳ್ರೀ! ಜನ ಗಾಬರಿಯಲ್ಲಿ ಗೂಗಲ್ ಮಾಡಿ ಮೊದಲು ಸಿಕ್ಕ ನಕಲಿ ವೆಬ್‌ಸೈಟ್‌ಗೆ ಹೆಚ್ಚಿಗೆ ದುಡ್ಡು ಸುರಿಯುತ್ತಾರೆ. ವೀಸಾದ ಅಸಲಿ ಸೈಟೂ, ಲೆವಿ ಕಟ್ಟೋ ಲವ್ ಬಾಲಿ ಸೈಟೂ ಎರಡೂ 'ಗೋ ಡಾಟ್ ಐಡಿ' (go.id) ಅಂತಲೇ ಮುಗಿಯುತ್ತವೆ. ಹಾಗೆ ಮುಗಿಯದಿದ್ದರೆ ಮುಚ್ಚಿಬಿಡಿ. ವಿಮಾನ ಇಳಿಯೋಕೆ ಮುಂಚಿನ 3 ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬೋ 'ಆಲ್ ಇಂಡೋನೇಷ್ಯಾ' ಅನ್ನೋ ಆಗಮನದ ಅರ್ಜಿ ಪೂರ್ತಿ ಉಚಿತ. ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಮೋಸ.

ಆಮೇಲೆ ಚಿಲ್ಲರೆ ಸೋರಿಕೆ. ಎಟಿಎಂ ಮೇಲೆ ಸ್ಟಿಕರ್ ನೋಡಿ: 50 ಸಾವಿರದ ನೋಟಿನ ಮೆಷಿನ್ ಆದರೆ ಸಾಮಾನ್ಯವಾಗಿ ಒಂದು ಸಲಕ್ಕೆ 25 ನೋಟು, 12.5 ಲಕ್ಷ. 1 ಲಕ್ಷದ ನೋಟಿನದಾದರೆ ಅದರ ದುಪ್ಪಟ್ಟು. ನಮ್ಮ ಬ್ಯಾಂಕು ಸಲಕ್ಕಿಷ್ಟು ಅಂತ ಶುಲ್ಕ ಹಾಕೋದರಿಂದ ಚಿಕ್ಕ ನೋಟಿನ ಮೆಷಿನ್‌ನಲ್ಲಿ ಅದೇ ದುಡ್ಡಿಗೆ ಎರಡು ಸಲ ದಂಡ. ಇನ್ನೊಂದು, ಅಲ್ಲಿನ ಎಷ್ಟೋ ಮೆಷಿನ್‌ಗಳು ಮೊದಲು ದುಡ್ಡು ಕೊಡುತ್ತವೆ, ಕಾರ್ಡ್ ಆಮೇಲೆ. ದುಡ್ಡು ಎಣಿಸುತ್ತಾ ಹೊರಟರೆ ಕಾರ್ಡ್ ಹೋಯಿತು.

ಊಲುವಾಟು ದೇವಸ್ಥಾನದ ಟಿಕೆಟ್ ಬೇರೆ, ಒಳಗೆ ಕೆಚಕ್ ನೃತ್ಯಕ್ಕೆ 1,50,000 ಬೇರೆ. ಪಕ್ಕದ ನೂಸಾ ಪೆನಿಡಾ ದ್ವೀಪಕ್ಕೆ ದೋಣಿಯ ಟಿಕೆಟ್ ಬೇರೆ, ಇಳಿದ ಮೇಲೆ 25 ಸಾವಿರ ಬೇರೆ. ಆ್ಯಪ್‌ನಲ್ಲಿ ಅಗ್ಗದ ಟ್ಯಾಕ್ಸಿ ಕಾಣುತ್ತೆ, ಆದರೆ ಎಷ್ಟೋ ಕಡೆ ಆ್ಯಪ್ ಟ್ಯಾಕ್ಸಿ ಒಳಗೆ ಬರೋ ಹಾಗಿಲ್ಲ ಅಂತ ಊರಿನ ಟ್ಯಾಕ್ಸಿ ಸಂಘದವರು ಬೋರ್ಡ್ ಹಾಕಿರ್ತಾರೆ. ಲಗೇಜ್ ಎಳೆದುಕೊಂಡು ಮುಖ್ಯರಸ್ತೆಗೆ ನಡೀರಿ, ಇಲ್ಲಾ ಅವರು ಕೇಳಿದಷ್ಟು ಕೊಡಿ.

ಬರೆದು ಏನು ಪ್ರಯೋಜನ, ಮುಂದಿನ ರಜಕ್ಕೂ ಜನ ಹೋಗೇ ಹೋಗ್ತಾರೆ, ಹೋಗಲಿ, ಚೆಂದದ ಊರು. ಆದರೆ 'ಆಲ್ ಇನ್‌ಕ್ಲೂಸಿವ್' ಅಂತ ದಪ್ಪಕ್ಷರದಲ್ಲಿ ಹಾಕಿ ಪ್ಯಾಕೇಜ್ ಮಾರೋರೇ, ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಿ. ನಾಲ್ಕು ಜನರ ಮನೆಗೆ ವೀಸಾ, ಲೆವಿ ಎರಡೇ ಸೇರಿ 26 ಲಕ್ಷ ರುಪಿಯಾ, ನಮ್ಮ ದುಡ್ಡಲ್ಲಿ ಸುಮಾರು 14 ಸಾವಿರ. ಹೋಟೆಲ್ ರೂಮಿನ ಬಾಗಿಲು ತೆಗೆಯೋಕೆ ಮೊದಲೇ ಹೋಗೋ ಈ ದುಡ್ಡನ್ನ ನಿಮ್ಮ ಕೊಟೇಶನ್‌ನ ಯಾವ ಸಾಲಲ್ಲಿ ಬರೆದಿದ್ದೀರಿ, ತೋರಿಸಿ.