ಸತ್ಯಾಂಶ: ಸಂಸದರ 5 ಕೋಟಿ ಅವರ ಖಾತೆಗೇ ಹೋಗುತ್ತಾ?

ವರ್ಷಕ್ಕೆ 5 ಕೋಟಿ ರೂಪಾಯಿ ಸಂಸದರ ಖಾತೆಗೇ ಬೀಳುತ್ತದೆ, ರಸ್ತೆ ಮಾಡಿಸದೆ ಜೇಬಿಗೆ ಹಾಕಿಕೊಳ್ಳುತ್ತಾರೆ ಅನ್ನೋ ಮೆಸೇಜ್ ಓಡಾಡುತ್ತಿದೆ. ಮೊತ್ತ ನಿಜ, ಖಾತೆಯ ಮಾತು ಸುಳ್ಳು.

ಈ ಹಣ 1993ರಲ್ಲಿ ಶುರುವಾದ ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯದ್ದು, ಇದರಲ್ಲಿ ಯಾವ ಕೆಲಸ ಆಗಬೇಕು ಅಂತ ಸಂಸದರು ಶಿಫಾರಸು ಮಾಡಬಹುದು, ಅಷ್ಟೇ. ಊರಿನವರು ರಸ್ತೆಗೋ ಸಮುದಾಯ ಭವನಕ್ಕೋ ಮನವಿ ಕೊಟ್ಟರೆ ಅವರು ಪತ್ರ ಬರೆಯುತ್ತಾರೆ, ಆಮೇಲೆ ಜಾಗ ಯಾರದ್ದು, ಅಂದಾಜು ವೆಚ್ಚ ಎಷ್ಟು ಅಂತೆಲ್ಲ ನೋಡಿ ಮಂಜೂರು ಮಾಡುವುದು ಜಿಲ್ಲಾಡಳಿತ. ಒಬ್ಬರ ಸ್ವಂತ ಲಾಭದ ಕೆಲಸಕ್ಕೆ, ದೇವಸ್ಥಾನದ ಒಳಗಿನ ಕೆಲಸಕ್ಕೆ ಈ ಹಣ ಸಿಗಲ್ಲ. ಹಾಗಂತ ಕಳಪೆ ಕೆಲಸ, ಕಮಿಷನ್ ಇಲ್ಲವೇ ಇಲ್ಲ ಅಂತಲ್ಲ. ಅನುಮಾನ ಇದ್ದರೆ ಸುಮ್ನೆ ಫಾರ್ವರ್ಡ್ ಮಾಡುವ ಬದಲು ಮಂಜೂರಾತಿ ಆದೇಶದ ಪ್ರತಿ ಕೇಳಿ ಜಿಲ್ಲಾಧಿಕಾರಿ ಕಚೇರಿಗೆ ಆರ್‌ಟಿಐ ಅರ್ಜಿ ಹಾಕಿ.