ಇನ್ನೂ ನಾಲ್ಕು ಶಾರ್ಟ್‌ಕಟ್ ಕೊಡಿ ಮಾರಾಯ್ರೇ

ಬೇಸಿಗೆ ಬಂತೆಂದರೆ ಮಂಗಳೂರಿನ ಜನ ತುಂಬೆ ಡ್ಯಾಮಿನಲ್ಲಿ ನೀರು ಎಷ್ಟು ಉಂಟು ಅಂತ ವಿಚಾರಿಸುತ್ತಾರೆ. ಸಾಫ್ಟ್‌ವೇರ್ ಹುಡುಗರಿಗೆ ಮಾತ್ರ ಚಿಂತೆ ಬೇರೆ. ವೆಬ್‌ಸೈಟ್ ಕಟ್ಟಲಿಕ್ಕೆ ಬಳಸುವ ಸಿದ್ಧ ಚೌಕಟ್ಟು, ಅಂದರೆ ಫ್ರೇಮ್‌ವರ್ಕ್, ಜಾಂಗೋದಲ್ಲಿ ಶಾರ್ಟ್‌ಕಟ್ ಫಂಕ್ಷನ್‌ಗಳು (ಹಲವು ಸಾಲಿನ ಕೆಲಸವನ್ನು ಒಂದೇ ಮಾತಿನಲ್ಲಿ ಮುಗಿಸುವಂಥವು) ಸಾಲುವುದಿಲ್ಲವಂತೆ. ಒಂದೇ ಮೂರು ಸಾಲನ್ನು ಟೈಪ್ ಮಾಡಿ ಮಾಡಿ ಬೆರಳು ಸವೆದಿದೆಯಂತೆ. ಆ ಸವೆದ ಬೆರಳಿನಲ್ಲೇ ಇಡೀ ದಿನ ವಾಟ್ಸಾಪ್ ಗ್ರೂಪಿನಲ್ಲಿ ವಾದ ಮಾಡುತ್ತಾರೆ, ಅದು ಬಿಡಿ.

ಎಲ್ಲ ಶಾರ್ಟ್‌ಕಟ್ಟೂ ದಂಡ ಅಂತಲ್ಲ. ‘ಗೆಟ್ ಆಬ್ಜೆಕ್ಟ್ ಆರ್ 404’ ಬಹಳ ಉಪಕಾರಿ. ಡೇಟಾಬೇಸಿನಲ್ಲಿ ಇಲ್ಲದ್ದನ್ನು ಯಾರಾದರೂ ಕೇಳಿದರೆ ಅದೇ ನೋಡಿಕೊಂಡು ‘ಸಿಗಲಿಲ್ಲ’ ಅನ್ನುವ 404 ಪುಟ ತೋರಿಸುತ್ತದೆ. ಇಲ್ಲದಿದ್ದರೆ ಪ್ರತಿ ಸಲ ಟ್ರೈ, ಎಕ್ಸೆಪ್ಟ್ ಅಂತ ನಾಲ್ಕು ಸಾಲು ಬರೆಯಬೇಕು. ಎಲ್ಲರೂ ಎಲ್ಲ ಕಡೆ ಬರೆಯುತ್ತಿದ್ದದ್ದು ಅದನ್ನೇ. ಅಲ್ಲಿಗೆ ನಿಲ್ಲಿಸಬಹುದಿತ್ತು, ಅಲ್ವಾ? ಇಲ್ಲ. 404 ಬೇಡ, ಸಿಗದಿದ್ದರೆ ಸುಮ್ನೆ ‘ನನ್’ (None, ಅಂದರೆ ಏನೂ ಇಲ್ಲ) ಕೊಡುವ ಇನ್ನೊಂದು ಬೇಕು ಅಂದರು. “ಫಿಲ್ಟರ್ ಹಾಕಿ ಫಸ್ಟ್ ಅಂದರೆ ಹೆಚ್ಚುಕಡಿಮೆ ಅದೇ ಆಗ್ತದಲ್ಲ?” ಅಂತ ಕೇಳಿದರೆ, “ಅದರಲ್ಲಿ ಚುಕ್ಕಿ ಜಾಸ್ತಿ ಉಂಟು ಸರ್” ಅಂತ ಉತ್ತರ ಬಂತು.

ಶಾರ್ಟ್‌ಕಟ್ ಹುಟ್ಟಿಸುವುದು ಸುಲಭ, ಕಳಿಸಿಕೊಡುವುದೇ ಕಷ್ಟ. ಜಾಂಗೋದಲ್ಲಿ ಪುಟ ತಯಾರಿಸಿ ಕಳಿಸಲಿಕ್ಕೆ ‘ರೆಂಡರ್ ಟು ರೆಸ್ಪಾನ್ಸ್’ ಅಂತ ಒಂದಿತ್ತು. ಟೆಂಪ್ಲೇಟಿಗೆ (ಪುಟದ ಅಚ್ಚಿಗೆ) ರಿಕ್ವೆಸ್ಟಿನ, ಅಂದರೆ ಪುಟ ಕೇಳಿ ಬಂದ ಕೋರಿಕೆಯ, ವಿಷಯ ಗೊತ್ತಾಗಬೇಕಾದರೆ ಅದರ ಬಾಲಕ್ಕೆ ಇನ್ನೊಂದು ಉದ್ದದ ಮಾತು ಕಟ್ಟಬೇಕಿತ್ತು. ಶಾರ್ಟ್‌ಕಟ್ಟೇ ಉದ್ದವಾಯಿತಲ್ಲ ಅಂತ 2011ರಲ್ಲಿ 1.3ನೇ ಆವೃತ್ತಿಗೆ ‘ರೆಂಡರ್’ ತಂದರು. ಶಾರ್ಟ್‌ಕಟ್ಟಿಗೇ ಶಾರ್ಟ್‌ಕಟ್! ಹಳೆಯದು ಮನೆ ಬಿಟ್ಟು ಹೋದದ್ದು 2019ರ ಡಿಸೆಂಬರಿನಲ್ಲಿ, 3.0 ಬಂದಾಗ. ಅಲ್ಲಿಯವರೆಗೆ ಎರಡನ್ನೂ ಸಾಕಿದರು. ಅದೇ ವರ್ಷ ಲಾರಾವೆಲ್ ಅನ್ನುವ ಇನ್ನೊಂದು ಫ್ರೇಮ್‌ವರ್ಕಿನವರು ತಮ್ಮ 6ನೇ ಆವೃತ್ತಿಯಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು), ಅರೇ (ವಸ್ತುಗಳ ಪಟ್ಟಿ) ಇವುಗಳ ಹಳೆ ಹೆಲ್ಪರ್ ಫಂಕ್ಷನ್‌ಗಳನ್ನೆಲ್ಲ ಬೇರೆ ಪ್ಯಾಕೇಜಿಗೆ ಸಾಗಿಸಿದರು.

ಔದಾರ್ಯ ನೋಡಬೇಕಾದರೆ ರೈಲ್ಸ್ ಅನ್ನುವ ಮತ್ತೊಂದು ಫ್ರೇಮ್‌ವರ್ಕಿಗೆ ಹೋಗಬೇಕು. ಅರೇಯ ಎರಡನೆಯದಕ್ಕೆ ‘ಸೆಕೆಂಡ್’, ಆಮೇಲೆ ‘ಥರ್ಡ್’, ‘ಫೋರ್ತ್’, ‘ಫಿಫ್ತ್’. ಆರನೆಯದಕ್ಕೆ? ಇಲ್ಲ. ನೇರ ‘ಫಾರ್ಟಿ ಟೂ’. ಸುಳ್ಳಲ್ಲ, ನಲವತ್ತೆರಡನೆಯ ವಸ್ತುವನ್ನು ಎತ್ತಿ ಕೊಡಲಿಕ್ಕೆ ಅಲ್ಲಿ ಪ್ರತ್ಯೇಕ ಮೆಥಡ್ ಉಂಟು. ತಮಾಷೆಗೆ ಹಾಕಿದ್ದು ಅಂತಾರೆ. ತಮಾಷೆಗೂ ಡಾಕ್ಯುಮೆಂಟೇಷನ್ ಬರೆಯಬೇಕಲ್ಲ ಮಾರಾಯ್ರೇ!

ನಮ್ಮ ಸಿಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಎರಡೇ ಶಾರ್ಟ್‌ಕಟ್. ಒಂದು ಸೀಟಿ ಊದಿದರೆ ನಿಲ್ಲಿಸು, ಎರಡು ಊದಿದರೆ ಹೋಗು. ಸ್ಟೇಟ್‌ಬ್ಯಾಂಕಿನಿಂದ ಸುರತ್ಕಲ್‌ವರೆಗೆ ಸಂಸಾರ ಅದರಲ್ಲೇ ಸಾಗುತ್ತದೆ. ಈ ಹುಡುಗರ ಕೈಗೆ ಆ ಸೀಟಿ ಕೊಟ್ಟು ನೋಡಿ. ಮೂರು ಊದಿದರೆ ಚಿಲ್ಲರೆ ಇಲ್ಲ. ಐದಕ್ಕೆ ಅಜ್ಜಿ ಇನ್ನೂ ಮೆಟ್ಟಿಲಲ್ಲೇ ಇದ್ದಾರೆ. ಏಳಕ್ಕೆ ಮೀನಿನ ಬುಟ್ಟಿಯವರು ಇಳಿಯಬೇಕು, ಆದರೆ ಮಳೆ ಬರುತ್ತಿದ್ದರೆ ಮುಂದಿನ ಸ್ಟಾಪಿನಲ್ಲಿ. ಡ್ರೈವರ್ ಆರೋ ಏಳೋ ಅಂತ ಲೆಕ್ಕ ಹಾಕುವಷ್ಟರಲ್ಲಿ ಬಸ್ಸು ಲೇಡಿಹಿಲ್ ದಾಟಿರುತ್ತದೆ. ಹೊಸ ಡ್ರೈವರ್‌ಗಂತೂ ಮೊದಲು ಸೀಟಿಯ ಟ್ರೈನಿಂಗ್ ಕೊಡಿಸಬೇಕು.

ಫ್ರೇಮ್‌ವರ್ಕ್‌ನವರು ಕೊಡದಿದ್ದರೆ ನಾವೇ ಮಾಡಿಕೊಳ್ಳೋಣ ಅಂತ ಬಿಜೈ ಕಡೆಯ ಆಫೀಸೊಂದರಲ್ಲಿ ಈಗ ಮೀಟಿಂಗ್ ಮೇಲೆ ಮೀಟಿಂಗ್. ವಸ್ತು ಸಿಕ್ಕಿದರೆ ಕೊಡಬೇಕು, ಸಿಗದಿದ್ದರೆ ಲಾಗಿನ್ ಪುಟಕ್ಕೆ ಕಳಿಸಬೇಕು, ಲಾಗಿನ್ ಆಗಿದ್ದರೆ ಮುಖಪುಟಕ್ಕೆ, ಮ್ಯಾನೇಜರ್ ಆಗಿದ್ದರೆ ಎಕ್ಸೆಲ್ ಫೈಲ್. ಎಲ್ಲ ಒಂದೇ ಫಂಕ್ಷನ್ನಿನಲ್ಲಿ. ಅದಕ್ಕೆ ಹನ್ನೊಂದು ಆರ್ಗ್ಯುಮೆಂಟ್ (ಕರೆಯುವಾಗ ಕೊಡಬೇಕಾದ ಮಾಹಿತಿ), ಅದರಲ್ಲಿ ನಾಲ್ಕು ಟ್ರೂ ಅಥವಾ ಫಾಲ್ಸ್. ಯಾವ ಫಾಲ್ಸ್ ಯಾವುದಕ್ಕೆ ಅಂತ ಬರೆದ ಹುಡುಗನನ್ನೇ ಕೇಳಬೇಕು, ಅವನು ನೋಟಿಸ್ ಪೀರಿಯಡ್‌ನಲ್ಲಿದ್ದಾನೆ. ಮಾಡುವ ಕೆಲಸವೆಲ್ಲ ಹೆಸರಿನಲ್ಲೇ ಗೊತ್ತಾಗಬೇಕು ಅಂತ ಹೆಸರು ಸ್ಕ್ರೀನಿನ ಈ ತುದಿಯಿಂದ ಆ ತುದಿಗೆ ಹೋಗಿದೆ. ಅದನ್ನು ಚಿಕ್ಕದು ಮಾಡಲಿಕ್ಕೆ ಸೋಮವಾರ ಮತ್ತೊಂದು ಮೀಟಿಂಗ್. ಗೋಳಿಬಜೆ ಉಂಟಂತೆ, ನಾನೂ ಹೋಗುವವನಿದ್ದೇನೆ.