ನನ್ನ ಐಕಾನ್‌ಗಳ ತಂಟೆಗೆ ಬರಬೇಡಿ ಮಾರಾಯ್ರೇ

ರಾತ್ರಿ ಫೋನ್ ಚಾರ್ಜಿಗಿಟ್ಟು ಮಲಗಿದ್ದೆ. ಬೆಳಿಗ್ಗೆ ಗಂಟೆ ನೋಡೋಣ ಅಂತ ಎತ್ತಿಕೊಂಡರೆ ಹೋಮ್ ಸ್ಕ್ರೀನೇ ಬೇರೆ. ನಿದ್ದೆಗಣ್ಣಲ್ಲಿ ಪಕ್ಕದವರ ಮನೆಗೆ ನುಗ್ಗಿದ ಹಾಗಾಯಿತು. ಇದ್ದ ಜಾಗದಲ್ಲಿ ಒಂದೂ ಇಲ್ಲ. ನಾನು ಎಂದೂ ತೆರೆಯದ ನಾಲ್ಕು ಆಪ್‌ಗಳು ಮೊದಲ ಪುಟದಲ್ಲಿ ಕಾಲು ಚಾಚಿ ಕೂತಿವೆ. ಅಪ್‌ಡೇಟ್ ಆಗಿದೆಯಂತೆ. "ಹೊಸ ಅನುಭವಕ್ಕೆ ಸ್ವಾಗತ" ಅಂತ ಒಂದು ಸಂದೇಶ ಬೇರೆ. ನನ್ನ ಫೋನಿಗೆ ನನ್ನನ್ನೇ ಸ್ವಾಗತಿಸೋಕೆ ಇವರು ಯಾರು?

ಐಕಾನ್ ತಾನೇ, ಮತ್ತೆ ಜೋಡಿಸಿದರಾಯಿತು ಅನ್ನುವವರು ಸ್ವಲ್ಪ ಕೇಳಿ. ಆ ಪುಟ ಒಂದೇ ದಿನ ಕೂತು ಮಾಡಿದ್ದಲ್ಲ. ನಾನು ಎಡಚ. ಎಡ ಹೆಬ್ಬೆರಳಿಗೆ ಸಲೀಸಾಗಿ ಸಿಗುವುದು ಕೆಳಗಿನ ಮೂಲೆಯಿಂದ ಕಮಾನಿನ ಹಾಗೆ ಬಾಗಿದ ಐದಾರು ಜಾಗ ಮಾತ್ರ. ಅಲ್ಲಿ ಕ್ಯಾಮೆರಾ, ಅದರ ಮೇಲೆ ಟಾರ್ಚ್, ಪಕ್ಕದಲ್ಲಿ ಟಿಪ್ಪಣಿ. ಬ್ಯಾಂಕಿನ ಆಪ್ ಬೇಕಂತಲೇ ಎರಡನೇ ಪುಟದ ಬಲ ಮೂಲೆಯಲ್ಲಿ, ತಪ್ಪಿಯೂ ಬೆರಳು ತಾಗಬಾರದು ಅಂತ. ಹೊತ್ತು ಕಳೆಯುವ ಆಪ್‌ಗಳನ್ನು ಒಂದು ಫೋಲ್ಡರಿನ ಕೊನೆಗೆ ತಳ್ಳಿದ್ದೆ, ಅಲ್ಲಿಗೆ ಹೋಗುವಷ್ಟರಲ್ಲಾದರೂ ಬುದ್ಧಿ ಬರಲಿ ಅಂತ. ಎರಡು ವರ್ಷ ಅತ್ತಿಂದಿತ್ತ ಸರಿಸಿ ಸರಿಸಿ ಆದ ಜೋಡಣೆ. ಕಣ್ಣೇ ಬೇಕಿರಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು. ಇವತ್ತು ಕ್ಯಾಮೆರಾ ಅಂತ ಮೂರು ಸಲ ಒತ್ತಿದೆ. ಮೂರು ಸಲವೂ ಯಾವುದೋ ಆಟ ತೆರೆದುಕೊಂಡು ಕುಣಿಯಿತು.

ಕಂಪನಿಗೆ ಬರೆದೆ. "ನಿಮ್ಮ ಡೇಟಾ ಎಲ್ಲವೂ ಸುರಕ್ಷಿತವಾಗಿದೆ" ಅಂತ ಉತ್ತರ ಬಂತು. ಫೋಟೋ ಇದೆ, ಮೆಸೇಜ್ ಇದೆ, ಇನ್ನೇನು ಬೇಕು ಅನ್ನುವ ಧಾಟಿ. ಅಲ್ರೀ, ಯಾವುದು ಎಲ್ಲಿರಬೇಕು ಅಂತ ತೀರ್ಮಾನ ಮಾಡಿದ್ದು ನಾನಲ್ವಾ? ಅದು ನನ್ನ ಡೇಟಾ ಅಲ್ವಾ? ಅದೇನು ದೊಡ್ಡ ಗಂಟೂ ಅಲ್ಲ. ಯಾವ ಐಕಾನ್, ಯಾವ ಪುಟ, ಎಷ್ಟನೇ ಅಡ್ಡಸಾಲು, ಎಷ್ಟನೇ ಕಂಬಸಾಲು. ಇಷ್ಟೇ. ಆಂಡ್ರಾಯ್ಡ್‌ನಲ್ಲಿ ಲಾಂಚರ್, ಅಂದರೆ ಹೋಮ್ ಸ್ಕ್ರೀನ್ ನಡೆಸುವ ಆಪ್, ಇದನ್ನೆಲ್ಲ ತನ್ನದೇ ಪುಟ್ಟ ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಒಂದು ಫೋಟೋದಷ್ಟು ಜಾಗವೂ ಬೇಡ. ಆದರೆ ಅದನ್ನು ಎಲ್ಲ ಲಾಂಚರ್‌ಗಳೂ ಓದುವಂಥ ಒಂದು ಫೈಲ್ ಮಾಡಿ ನನ್ನ ಕೈಗೆ ಕೊಡಿ ಅಂದರೆ ಆಗಲ್ಲ. ಒಬ್ಬೊಬ್ಬರದು ಒಂದೊಂದು ಥರದ ಬ್ಯಾಕಪ್.

ಸರಿ, ಫೋನಿನ ಜೊತೆ ಬಂದ ಲಾಂಚರ್ ಸಹವಾಸವೇ ಬೇಡ ಅಂತ ಬೇರೆಯದನ್ನು ಹಾಕಿದೆ. ಹಿಂದೊಮ್ಮೆ ಬಳಸಿದ್ದೇ, ಹಳೇ ಬ್ಯಾಕಪ್ ಕೂಡ ಇತ್ತು. ಮರಳಿ ತಂದೆ. ಐಕಾನ್‌ಗಳು ಬಂದವು, ಅದೂ ಅಂದಿನ ಹಳೇ ಜಾಗಗಳಲ್ಲಿ. ವಿಜೆಟ್‌ಗಳ, ಅಂದರೆ ಆಪ್ ತೆರೆಯದೆಯೇ ಪುಟದ ಮೇಲೆ ಮಾಹಿತಿ ತೋರಿಸುವ ಚೌಕಗಳ, ಜಾಗದಲ್ಲಿ ಬೂದು ಬಣ್ಣದ ಖಾಲಿ ಡಬ್ಬಗಳು. ಪ್ರತಿ ವಿಜೆಟ್‌ಗೂ ಒಂದು ನಂಬರ್ ಕೊಡುವುದು ಫೋನಿನ ಸಿಸ್ಟಂ, ಲಾಂಚರ್ ಅಲ್ಲ. ಹಾಗಾಗಿ ಹಳೇ ನಂಬರ್ ಈಗ ನಡೆಯಲ್ಲ, ಒಂದೊಂದಕ್ಕೂ ಮತ್ತೆ ಅನುಮತಿ ಕೊಡಬೇಕು. ಕೊಟ್ಟೆ.

ಆಮೇಲೆ ಐಕಾನ್ ಪ್ಯಾಕ್. ದುಡ್ಡು ಕೊಟ್ಟು ತಗೊಂಡದ್ದು. ಇದರ ಒಳಗಿರುವುದು ಚಿತ್ರಗಳು ಮತ್ತು ಒಂದು ಪಟ್ಟಿ: ಈ ಆಪಿಗೆ ಈ ಚಿತ್ರ ಅಂತ. ಆಪ್ ಮಾಡಿದವರು ಒಳಗಿನ ಹೆಸರು ಸ್ವಲ್ಪ ಬದಲಿಸಿದರೂ ಸಾಕು, ಕೊಂಡಿ ಕಳಚಿ ಹಳೇ ಐಕಾನ್ ಹಲ್ಲು ಕಿರಿಯುತ್ತದೆ. ಪಟ್ಟಿಯಲ್ಲಿ ಇಲ್ಲದ ಆಪ್‌ಗಳಂತೂ ತಿಳಿ ಬಣ್ಣದ ಪುಟದ ನಡುವೆ ದೃಷ್ಟಿಬೊಟ್ಟಿನ ಹಾಗೆ ಕಾಣುತ್ತವೆ.

ನಾನೇ ಬಿಡಿಸುತ್ತೇನೆ ಅಂತ ಐಕಾನ್ ಎಡಿಟರ್ ಇಳಿಸಿಕೊಂಡೆ. ಅಲ್ಲಿ ಇನ್ನೊಂದು ಕಥೆ. ಮೊದಲಾದರೆ 48 ಪಿಕ್ಸೆಲ್‌ನಿಂದ 192ರವರೆಗೆ ಐದು ಅಳತೆಯ ಚಿತ್ರ ಮಾಡಿಟ್ಟರೆ ಮುಗಿಯುತ್ತಿತ್ತು. 2017ರಲ್ಲಿ ಆಂಡ್ರಾಯ್ಡ್ 8 ಬಂದಾಗಿನಿಂದ ಐಕಾನ್‌ಗೆ ಎರಡು ಪದರ. ಅಳತೆ 108 ಡಿಪಿ (ಪರದೆಗೆ ತಕ್ಕಂತೆ ಹಿಗ್ಗುವ ಅಳತೆ, ಪಿಕ್ಸೆಲ್ ಅಲ್ಲ), ಅದರಲ್ಲಿ ಕಾಣುವುದು 72, ಕತ್ತರಿ ಬೀಳುವುದಿಲ್ಲ ಅಂತ ಭರವಸೆ ಇರುವುದು ನಡುವಿನ 66ಕ್ಕೆ ಮಾತ್ರ. ಯಾಕೆಂದರೆ ಒಂದು ಫೋನಿನಲ್ಲಿ ಐಕಾನ್ ದುಂಡಗೆ, ಇನ್ನೊಂದರಲ್ಲಿ ಮೂಲೆ ತಿರುವಿದ ಚೌಕ. ನಾನು ಬೆಕ್ಕಿನ ಮುಖ ಬಿಡಿಸಿದ್ದೆ. ಎರಡೂ ಕಿವಿ ಹೋದವು. ಈಗ ಅದು ಮೀಸೆ ಬಿಟ್ಟ ಚೆಂಡು. ಹೋಗಲಿ ಅಂತ ಹೋಮ್ ಸ್ಕ್ರೀನಿಗೆ ಹಾಕಿದರೆ ಮೂಲೆಯಲ್ಲಿ ಎಡಿಟರ್ ಆಪಿನ ಪುಟ್ಟ ಗುರುತು ಅಂಟಿಕೊಂಡಿದೆ. ಇದೂ ಆಂಡ್ರಾಯ್ಡ್ 8ರ ನಿಯಮವೇ. ಯಾವ ಆಪ್ ಶಾರ್ಟ್‌ಕಟ್ ಮಾಡಿತೋ ಅದರ ಗುರುತು ಇರಲೇಬೇಕು, ಮೋಸದ ಐಕಾನ್ ಆಗಬಾರದಲ್ಲ. ಕಾರಣ ಒಪ್ಪುತ್ತೇನೆ. ಆದರೂ ನಾನು ಬರೆದ ಪತ್ರದ ಕೆಳಗೆ ಪೆನ್ನಿನವನು ಸಹಿ ಹಾಕಿದ ಹಾಗಿದೆ.

ಐಫೋನಿನವರು ನಗುವುದು ಬೇಡ. 2020ರಲ್ಲಿ ಐಓಎಸ್ 14 ಬಂದಾಗ ಶಾರ್ಟ್‌ಕಟ್ ಮಾಡಿ ಚಿತ್ರ ಬದಲಿಸುವ ಉಪಾಯಕ್ಕೆ ಎಲ್ಲರೂ ಮುಗಿಬಿದ್ದರಲ್ಲ, ಆ ಐಕಾನ್ ಮೇಲೆ ಎಷ್ಟು ಮೆಸೇಜ್ ಬಂದಿದೆ ಅನ್ನುವ ಕೆಂಪು ಅಂಕಿ ಬರುವುದಿಲ್ಲ. ನಡುವೆ ಜಾಗ ಬಿಟ್ಟು ಬೇಕಾದಲ್ಲಿ ಐಕಾನ್ ಇಡುವ ಭಾಗ್ಯ ಬಂದದ್ದು 2024ರ ಐಓಎಸ್ 18ರಲ್ಲಿ. ನನಗೆ ಹೊಟ್ಟೆ ಉರಿಯುವುದು ಬೇರೆ ವಿಷಯಕ್ಕೆ. ಐಫೋನನ್ನು ಕಂಪ್ಯೂಟರಿಗೆ ಜೋಡಿಸುತ್ತಿದ್ದ ಆಪಲ್ ತಂತ್ರಾಂಶ ಐಟ್ಯೂನ್ಸ್‌ನ 2009ರ 9ನೇ ಆವೃತ್ತಿಯಲ್ಲಿ ಕಂಪ್ಯೂಟರಿನ ದೊಡ್ಡ ಪರದೆಯ ಮೇಲೆ, ಮೌಸ್ ಹಿಡಿದು, ಫೋನಿನ ಐಕಾನ್‌ಗಳನ್ನು ಜೋಡಿಸಬಹುದಿತ್ತು! 2017ರಲ್ಲಿ ಐಟ್ಯೂನ್ಸ್ 12.7 ಬಂತು, ಆ ಸೌಲಭ್ಯ ಹೋಯಿತು.

ಈಗ ಗತಿ ಏನು? ಬೆರಳು. ಐಕಾನ್ ಒತ್ತಿ ಹಿಡಿದು, ಎಳೆದು, ಅಂಚಿಗೆ ತಂದು, ಪುಟ ತಿರುಗಲಿ ಅಂತ ಕಾಯಬೇಕು. ತಿರುಗಲ್ಲ. ಇನ್ನೂ ಸ್ವಲ್ಪ ಕಾದರೆ ಒಟ್ಟಿಗೆ ಎರಡು ಪುಟ ತಿರುಗುತ್ತದೆ. ವಾಪಸ್ ತರುವಾಗ ದಾರಿಯಲ್ಲಿ ಇನ್ನೊಂದು ಐಕಾನ್ ಮೇಲೆ ಒಂದು ಕ್ಷಣ ನಿಂತರೆ ಮುಗಿಯಿತು, ಎರಡೂ ಸೇರಿ ಫೋಲ್ಡರ್. ಟಾರ್ಚೂ ಕ್ಯಾಲೆಂಡರೂ ಒಂದು ಫೋಲ್ಡರಿನಲ್ಲಿ, ಅದಕ್ಕೆ ಫೋನೇ ಇಟ್ಟ ಹೆಸರು "ಉಪಯುಕ್ತ". ಅದನ್ನು ಒಡೆದು ಹೊರಗೆ ತಂದರೆ ಅಷ್ಟರಲ್ಲಿ ಉಳಿದವು ಜಾಗ ಬಿಟ್ಟು ಸರಿದಿರುತ್ತವೆ. ಹಿಂದಕ್ಕೆ ಹೋಗುವ ಬಟನ್ ಇಲ್ಲ. ಅಕ್ಷರ ತಪ್ಪಿದರೆ ಹಿಂದೆ ಹೋಗಬಹುದು, ಫೋಟೋ ಅಳಿಸಿದರೆ ಕಸದ ಬುಟ್ಟಿಯಿಂದ ತರಬಹುದು, ಐಕಾನ್ ಕೈಜಾರಿದರೆ ಮಾತ್ರ ಕರ್ಮ.

ಇಷ್ಟರ ಮೇಲೆ ಎಲ್ಲ ಐಕಾನ್‌ಗಳನ್ನೂ ವಾಲ್‌ಪೇಪರಿನ ಒಂದೇ ಬಣ್ಣಕ್ಕೆ ತರುವ ಶೋಕಿ. ಆಂಡ್ರಾಯ್ಡ್ 13ರಿಂದ, ಅಂದರೆ 2022ರಿಂದ ಇದೆ. ಅಪ್‌ಡೇಟ್ ನನ್ನನ್ನು ಕೇಳದೆ ಅದನ್ನೂ ಆನ್ ಮಾಡಿತ್ತು. ನೋಡೋಕೆ ಚಂದ. ಹುಡುಕೋಕೆ ಹೋದರೆ ಎಲ್ಲ ಒಂದೇ ಅಚ್ಚಿನ ಬಿಲ್ಲೆಗಳು. 1984ರಲ್ಲಿ ಬಂದ ಆಪಲ್‌ನ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿಗೆ ಕಲಾವಿದೆ ಸೂಸನ್ ಕೇರ್ ಐಕಾನ್ ಬಿಡಿಸಿದಾಗ ಇದ್ದದ್ದು 32×32 ಚುಕ್ಕೆ, ಕಪ್ಪು ಬಿಳಿ ಎರಡೇ. ಆದರೂ ಕಸದ ಬುಟ್ಟಿ ಕಸದ ಬುಟ್ಟಿಯ ಹಾಗೇ ಇತ್ತು. ಈಗ ಕೋಟಿಗಟ್ಟಲೆ ಬಣ್ಣ ಇಟ್ಟುಕೊಂಡು ಗಡಿಯಾರ ಯಾವುದು ದಿಕ್ಸೂಚಿ ಯಾವುದು ಅಂತ ಕಣ್ಣು ಕಿರಿದು ಮಾಡಿ ನೋಡಬೇಕು.

ಹಳೇ ಸ್ಕ್ರೀನ್‌ಶಾಟ್ ಒಂದು ಸಿಕ್ಕಿತು, ಮೊದಲ ಪುಟದ್ದು. ಅದನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟುಕೊಂಡು ಮಧ್ಯಾಹ್ನದಿಂದ ಒಂದೊಂದಾಗಿ ಎಳೆದು ಕೂರಿಸುತ್ತಿದ್ದೇನೆ. ಎರಡನೇ ಪುಟದ್ದು ತೆಗೆದಿಟ್ಟಿರಲಿಲ್ಲ. ಅಲಾರಂ ಎಲ್ಲಿತ್ತು ಅಂತ ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ. ಕಣ್ಣು ಮುಚ್ಚಿಕೊಂಡು ಖಾಲಿ ಪುಟದ ಮೇಲೆ ಹೆಬ್ಬೆರಳು ಆಡಿಸುತ್ತಿದ್ದೇನೆ, ಅದಕ್ಕಾದರೂ ನೆನಪಿದೆಯೇನೋ ಅಂತ.